ನಾಯಿಗೊಂದು ಮನೆತನದ ಹೆಸರು

ಕಳೆದ ಸಂಚಿಕೆಯಲ್ಲಿ ಬಾಡಿಗೆ ಮನೆಯ ಪುರಾಣ ಬರೆದು ನನಗೂ ಸಾಕಾಗಿತ್ತು, ಓದಿದ ನಿಮಗೂ ಸಾಕಾಗಿದ್ದೀತು. ಈ ಸಲ ಯಾವುದಾದರೂ ಹಗುರವಾದ ವಿಷಯ ಹಿಡಿಯೋಣವೆಂದು ಭಾನುವಾರ ಬೆಳಿಗ್ಗೆ ಕಾಗದ ಮುಂದಿಟ್ಟುಕೊಂಡು ಕುಳಿತಿದ್ದೆ. ಅಷ್ಟರಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಬಾಗಿಲು ತಟ್ಟಿ, "ನಮ್ಮನ್ಯಾಗ ಆರು ಮಂದಿಗೆ ಹೆಸರಿಡೋದದರಿ. ನೀವು ಸರಕಾರಿ ಆಫೀಸಿನವರು, ಫಾರಂ ತುಂಬಲಿಕ್ಕೆ ಬರ್ರಿ" ಎಂದರು. ಅವರ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ಮಗು ಒಂದೂ ಇಲ್ಲವೆಂಬುದು ನನಗೆ ಗೊತ್ತು. ಹೋಗಿ ನೋಡಿದರೆ ಹಿತ್ತಲಿನ ಗೋಣಿತಟ್ಟಿನ ಮೇಲೆ ಆರು ಮುಧೋಳ ನಾಯಿಮರಿಗಳು ತಾಯಿಯ ಹೊಟ್ಟೆಗೆ ಮೂತಿ ಇಟ್ಟು ಮಲಗಿದ್ದವು.

ಮಿತ್ರರು ಬಾಗಲಕೋಟೆ ಜಿಲ್ಲೆಯವರು. ಪುಣೆಗೆ ಬಂದು ಮೂವತ್ತು ವರ್ಷವಾಯಿತು. ತಾಯಿನಾಯಿಯನ್ನು ಕಾಗದಪತ್ರ ಸಹಿತ ಕೊಂಡು ತಂದವರು, ಮರಿಗಳನ್ನೂ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ದಾಖಲು ಮಾಡಿಸಬೇಕೆಂದು ಹಟ ಹಿಡಿದಿದ್ದರು. ಅದಕ್ಕೆ ಬೇಕಾದದ್ದು ಎರಡು ಬಗೆಯ ಹೆಸರು. ಒಂದು, ಸಾಕಿ ಬೆಳೆಸುವವನ ಮನೆತನಕ್ಕೆ ಸೇರಿದ ಕೆನಲ್ ಹೆಸರು. ಅದು ಒಮ್ಮೆ ಮಂಜೂರಾದರೆ ಆ ಮನೆಯಲ್ಲಿ ಹುಟ್ಟುವ ಎಲ್ಲ ಮರಿಗಳಿಗೂ ಅದೇ. ಇನ್ನೊಂದು, ಮರಿಯ ಸ್ವಂತ ಹೆಸರು. ಎರಡೂ ಸೇರಿದ್ದು ರಿಜಿಸ್ಟರಿನ ಹೆಸರು. ಮರಿ ಮಾರಾಟವಾಗಿ ದಿಲ್ಲಿಗೆ ಹೋಗಲಿ, ಮದರಾಸಿಗೆ ಹೋಗಲಿ, ಕೊಂಡವನು ಅದನ್ನು ಟಾಮಿ ಎಂದಾದರೂ ಕರೆಯಲಿ, ಟೈಗರ್ ಎಂದಾದರೂ ಕರೆಯಲಿ, ಕಾಗದದಲ್ಲಿ ಮಾತ್ರ ಹುಟ್ಟಿದ ಮನೆಯ ಹೆಸರು ಸಾಯುವವರೆಗೂ ಅದರ ಜೊತೆಗೇ ಇರುತ್ತದೆ.

ಈ ಏರ್ಪಾಡು ಹುಟ್ಟಿದ್ದು ಗುಮಾಸ್ತರ ತಲೆನೋವಿನಿಂದ ಎಂದರೆ ನಿಮಗೆ ನಗು ಬಂದೀತು. ಲಂಡನ್ನಿನಲ್ಲಿ 1873 ರಲ್ಲಿ ಕೆನಲ್ ಕ್ಲಬ್ಬು ಸ್ಥಾಪನೆಯಾದಾಗ ಇಂಗ್ಲೆಂಡಿನ ನಾಯಿಗಳೆಲ್ಲ ಬಾಬ್, ಸ್ಪಾಟ್, ಜೆಟ್ ಎಂಬಂಥ ನಾಲ್ಕೈದು ಹೆಸರುಗಳಲ್ಲೇ ಸುತ್ತುತ್ತಿದ್ದವು. ಬಹುಮಾನ ಗೆದ್ದ ಬಾಬ್ ಯಾವುದು, ಸೋತ ಬಾಬ್ ಯಾವುದು ಎಂದು ಪುಸ್ತಕ ಬರೆಯುವವನಿಗೇ ತಿಳಿಯದಾಯಿತು. 1880 ರಲ್ಲಿ ಹೆಸರುಗಳ ದಾಖಲೆಯ ಪದ್ಧತಿ ಬಂತು. ನಮ್ಮ ಆಫೀಸಿನಲ್ಲಿ ಪಾಟೀಲರು ಐದು ಜನ, ಕುಲಕರ್ಣಿಯವರು ಏಳು ಜನ. ಸಂಬಳದ ದಿನ ನಾನು ಪಡುವ ಪಾಡನ್ನು ಆ ಇಂಗ್ಲೀಷ್ ಗುಮಾಸ್ತ ನನಗಿಂತ ಮೊದಲೇ ಪಟ್ಟಿದ್ದಾನೆ!

ಒಂದೊಂದು ದೇಶದಲ್ಲಿ ಒಂದೊಂದು ಶಾಸ್ತ್ರ. ಜರ್ಮನಿಯಲ್ಲಿ ಒಂದು ಮನೆಯ ಮೊದಲ ಸೂಲಿನ ಮರಿಗಳಿಗೆಲ್ಲ 'ಎ' ಅಕ್ಷರದ ಹೆಸರು, ಎರಡನೆಯ ಸೂಲಿಗೆ 'ಬಿ'. ಫ್ರಾನ್ಸಿನಲ್ಲಿ ವರ್ಷಕ್ಕೊಂದು ಅಕ್ಷರ. 2025 ರಲ್ಲಿ ಹುಟ್ಟಿದ್ದಕ್ಕೆಲ್ಲ 'ಎ'. ಹೆಸರು ಕೇಳಿದರೆ ಸಾಕು, ವಯಸ್ಸು ತಿಳಿಯಿತು. (ಮನುಷ್ಯರಲ್ಲಿ ಈ ಪದ್ಧತಿ ಬಾರದಿದ್ದುದು ನಮ್ಮ ಮನೆಯವರ ಪುಣ್ಯ.) ಅಮೆರಿಕದಲ್ಲಿ 36 ಅಕ್ಷರ ಮೀರಿದ ಹೆಸರಿಗೆ ಹೆಚ್ಚಿನ ಶುಲ್ಕ.

ಜರ್ಮನ್ ಷೆಪರ್ಡ್ ಜಾತಿಯ ಮೊಟ್ಟಮೊದಲನೆಯ ದಾಖಲೆಯ ಕತೆ ಇನ್ನೂ ಸ್ವಾರಸ್ಯದ್ದು. ಆ ನಾಯಿಯ ಮೂಲ ಹೆಸರು ಹೆಕ್ಟರ್ ಲಿಂಕ್ಸ್‌ರೈನ್. ಎಂದರೆ ರೈನ್ ನದಿಯ ಎಡದಂಡೆಯ ಹೆಕ್ಟರ್. 1899 ರ ಏಪ್ರಿಲಿನಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೈನ್ಯಾಧಿಕಾರಿ ಅದನ್ನು ಕೊಂಡು, ತನ್ನ ಕೆನಲ್ ಹೆಸರು ಸೇರಿಸಿ ಹೊರಾಂಡ್ ಫಾನ್ ಗ್ರಾಫ್ರಾತ್ ಎಂದು ಬದಲಾಯಿಸಿದ. ಪುಸ್ತಕದಲ್ಲಿ ಒಂದನೆಯ ನಂಬರಿನ ಎದುರು ಇರುವುದು ಈ ಎರಡನೆಯ ಹೆಸರೇ. ಹೆಸರಿನಿಂದ ನದಿಯ ದಂಡೆ ಬಿಟ್ಟುಹೋಯಿತು.

ಈ ಕತೆಯನ್ನು ನಾನು ವಿನೋದಕ್ಕೆಂದು ಹೇಳಿದೆ. ಮಿತ್ರರು ನಗಲಿಲ್ಲ. "ಹಂಗಾದ್ರ ನಾ ಮೊದಲೇ ಬರೆದಿಡ್ತೀನಿ" ಎಂದು ಒಳಗಿನಿಂದ ಒಂದು ಹಳೆಯ ಕೈಚೀಲ ತಂದರು. ಅವರ ಹಳ್ಳಿ ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಬಂದು ಮನೆ, ಹೊಲ, ಹನುಮಪ್ಪನ ಗುಡಿಕಟ್ಟೆ ಎಲ್ಲ ಮುಳುಗಿದವು. ಅವರಣ್ಣ ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. ಆ ಊರಿನ ಹೆಸರೇ ಕೆನಲ್ ಹೆಸರಾಗಬೇಕು ಎಂದು ಅವರ ಪಟ್ಟು. ಕಾಲೇಜು ಓದುವ ಮಗಳು "ಅಪ್ಪಾ, ರಾಯಲ್ ಡೆಕ್ಕನ್ ಅಂತ ಇಟ್ಟರೆ ಮರಿಗೆ ಹೆಚ್ಚು ಬೆಲೆ ಬರುತ್ತದೆ" ಎಂದಳು. ಆಕೆ ಆ ಊರನ್ನು ಕಂಡವಳಲ್ಲ. ಅವರು ಉತ್ತರ ಕೊಡಲಿಲ್ಲ. ಕೈಚೀಲದ ಗಂಟು ಬಿಚ್ಚತೊಡಗಿದರು.

ಅಲ್ಲಿಂದ ನಮ್ಮ ಕಷ್ಟ ಪ್ರಾರಂಭವಾಯಿತು. ಶಾಲೆಯ ದಾಖಲೆಯಲ್ಲಿ ಊರಿನ ಹೆಸರಿಗೆ ಇಂಗ್ಲೀಷಿನಲ್ಲಿ ಒಂದು ಕಾಗುಣಿತ, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಪರಿಹಾರದ ನೋಟೀಸಿನಲ್ಲಿ ಮೂರನೆಯದು. 'ಳ'ಕಾರವಿರುವ ಊರಿನ ಪಾಡು ಇಂಗ್ಲೀಷಿನಲ್ಲಿ ಯಾವಾಗಲೂ ಹೀಗೆಯೇ. ಕೆನಲ್ ಹೆಸರು ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಿಲ್ಲ. ಒಂದು ಕಾಗುಣಿತ ಮಂಜೂರಾದರೆ ಅದೇ ಶಾಶ್ವತ. ನನ್ನ ಆಫೀಸು ಬುದ್ಧಿ ನೋಟೀಸನ್ನೇ ಹಿಡಿ ಎಂದಿತು, ಅದಕ್ಕೆ ಮೊಹರಿತ್ತು. ಅವರು ಒಪ್ಪಲಿಲ್ಲ. "ಮುಳುಗಿಸಿದ ಕಾಗದದ ಮ್ಯಾಲಿನ ಹೆಸರು ಬ್ಯಾಡ್ರಿ. ಸಾಲಿ ಮಾಸ್ತರು ಬರೆದದ್ದು ಇರಲಿ" ಎಂದರು. ಮಾಸ್ತರ ಕಾಗುಣಿತ ಮೂರರಲ್ಲಿ ಅತಿ ತಪ್ಪಾದದ್ದು. ಅದನ್ನೇ ದೊಡ್ಡ ಅಕ್ಷರದಲ್ಲಿ ತುಂಬಿದೆ.

ಬರೆಯುತ್ತಿದ್ದಾಗ ನನ್ನ ಮಗಳನ್ನು ಶಾಲೆಗೆ ಸೇರಿಸಿದ ದಿನ ನೆನಪಾಯಿತು. ನಮ್ಮ ಮೈಸೂರು ಕಡೆ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರ. ಇಲ್ಲಿಯ ಫಾರಮಿನಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಮನೆ. ಊರಿಗೆ ಜಾಗವೇ ಇಲ್ಲ. ಅಲ್ಲಿಯ ಗುಮಾಸ್ತ ಅಡ್ಡಹೆಸರಿನ ಮನೆಯಲ್ಲಿ ನನ್ನ ಹೆಸರನ್ನೇ ಎರಡನೆಯ ಸಲ ಬರೆದುಕೊಂಡ. ಹಿಂದೆ ಸಾಲು ನಿಂತಿತ್ತು, ನಾನೂ ಗುಮಾಸ್ತ. ತಕರಾರು ಮಾಡುವವನ ಮೇಲೆ ಎಂಥ ಸಿಟ್ಟು ಬರುತ್ತದೆಂದು ಬಲ್ಲೆ. ಸುಮ್ಮನೆ ಸಹಿ ಹಾಕಿ ಬಂದೆ. ಮನೆಗೆ ಬಂದ ಮೇಲೆ ಹೆಂಡತಿ ಓದಿ ನೋಡಿ, "ಊರಿನ ಅಕ್ಷರ ಎಲ್ಲಿ?" ಎಂದು ಕೇಳಿದಳು.

ಕೆನಲ್ ಹೆಸರಿನ ಕೆಳಗೆ ಜಾತಿಯ ಹೆಸರು ತುಂಬುವಾಗ ಇನ್ನೊಂದು ರಂಪ. ಈ ಕ್ಲಬ್ಬಿನ ಪಟ್ಟಿಯಲ್ಲಿ ನಮ್ಮ ಮುಧೋಳ ನಾಯಿಯ ಹೆಸರು ಕ್ಯಾರವಾನ್ ಹೌಂಡ್. ಮುಧೋಳ ಹೌಂಡ್ ಎಂದು ಬರೆದುಕೊಳ್ಳುವ ಕ್ಲಬ್ಬು ಬೇರೆಯೇ ಇದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯ ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕೊಟ್ಟರೆಂದು ಹೇಳುತ್ತಾರೆ. 2005 ರಲ್ಲಿ ಅಂಚೆಚೀಟಿ ಬಂದಾಗಲೂ ಅದರ ಮೇಲೆ ಮುಧೋಳವೇ ಇತ್ತು. ಪಕ್ಕದ ಮನೆಯ ಮರಾಠಿ ಅಜ್ಜ ಗೋಡೆಯಾಚೆಯಿಂದ ಇಣಿಕಿ, "ಕಾರವಾನಿ ಎಂದು ನಮ್ಮ ಕಡೆಯೂ ಹೇಳುತ್ತಾರೆ, ಅದೂ ಹಳೆಯ ಹೆಸರೇ" ಎಂದರು. ಮಿತ್ರರು ಅವರಿಗೆ ಚಹಾ ಕೊಟ್ಟರೇ ಹೊರತು ಒಪ್ಪಿಗೆ ಕೊಡಲಿಲ್ಲ.

ಇನ್ನು ಕರೆಯುವ ಹೆಸರು. ಗ್ರೀಕರ ಕ್ಸೆನೊಫನ್ ಬೇಟೆಯ ಮೇಲೆ ಬರೆದ ಗ್ರಂಥದಲ್ಲಿ ನಾಯಿಯ ಹೆಸರು ಕೂಗಲು ಸುಲಭವಾಗುವಂತೆ ಚಿಕ್ಕದಾಗಿರಬೇಕೆಂದು ಹೇಳಿ 47 ಹೆಸರುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ನನಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನವೊಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಶಕ 872, ಎಂದರೆ ಕ್ರಿ.ಶ. 950 ರ ಸುಮಾರು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಒಡೆಯ ಬೇಕಾದದ್ದು ಕೇಳೆಂದಾಗ, ಅವನು ಕಾಳಿ ಎಂಬ ನಾಯಿಯನ್ನು ಕೇಳಿದನಂತೆ. ಆ ನಾಯಿ ಬೆಳತೂರಿನ ಗುಡ್ಡದ ಬಳಿ ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡವನಿಗೆ ನಾಯಿ ಮಾಡಿದ ಪಾಪ ತಗಲಲಿ ಎಂಬ ಶಾಪ ಬೇರೆ. ಎರಡೇ ಅಕ್ಷರದ ಹೆಸರು. ಸಾವಿರ ವರ್ಷ ದಾಟಿದೆ.

ಒಂದು ಹೆಣ್ಣುಮರಿಗೆ ಕಾಳಿ ಎಂದೇ ಆಯಿತು. ಗೋಧಿ ಬಣ್ಣದ ಮರಿಗೆ ಕಪ್ಪೆಂಬ ಹೆಸರೇ ಎಂದು ಮರಾಠಿ ಅಜ್ಜ ನಕ್ಕರು, ಇರಲಿ. ಮಿಂಚು, ಕೆಂಚ, ಬಾಣ, ತುಂಗೆ ಎಂದು ಇನ್ನು ನಾಲ್ಕಕ್ಕೆ ಮಗಳೇ ಹುಡುಕಿಕೊಟ್ಟಳು. ರಾಯಲ್ ಡೆಕ್ಕನ್ ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ಕೊನೆಗೆ ಅವಳು ಫಾರಮನ್ನು ತೆಗೆದುಕೊಂಡು, ಆ ಊರಿನ ಹೆಸರನ್ನು ಮೆಲ್ಲನೆ ಓದಿ, "ಇದನ್ನು ಹೇಗೆ ಅನ್ನಬೇಕಪ್ಪಾ?" ಎಂದು ಕೇಳಿದಳು. ಅವರು ಹೇಳಿಕೊಟ್ಟರು. 'ಳ' ಸರಿಯಾಗಿ ಬರಲು ಮೂರು ಸಲ ಬೇಕಾಯಿತು.

ಊರಿನ ಹೆಸರನ್ನು ನಾನಿಲ್ಲಿ ಬರೆದಿಲ್ಲವೆಂದು ವಾಚಕರು ಕೋಪಿಸಿಕೊಳ್ಳಬಾರದು. ಅರ್ಜಿ ಮಂಜೂರಾಗುವ ಮೊದಲು ಯಾರಾದರೂ ಎತ್ತಿಕೊಂಡಾರು ಎಂದು ಮಿತ್ರರು ಆಣೆ ಹಾಕಿಸಿದ್ದಾರೆ. ಆರನೆಯ ಮರಿಗೆ ಹೆಸರು ಇನ್ನೂ ಆಗಿಲ್ಲ. ಫಾರಂ ಸೋಮವಾರ ಕಳಿಸಬೇಕು; ಸಂಘದ ಮಾಸಿಕ ಸಭೆ ಭಾನುವಾರ ಸಂಜೆ ಐದಕ್ಕೆ ಇದೆ. ಎರಡಕ್ಷರದ್ದು ಯಾರಿಗಾದರೂ ಹೊಳೆದರೆ ಅಲ್ಲಿಯೇ ಹೇಳಿ.