ಕಲ್ಲಿಗೆ ಹೊಳಪು, ಕೂಲಿಗೆ ಕೆಮ್ಮು

ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಗೇಟಿನ ಎರಡು ಕಂಬದ ತಲೆಯ ಮೇಲೆ ಎರಡು ಕಲ್ಲಿನ ಗುಂಡು ಕೂತಿರುವ ಮನೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಚೌಕಿಪೇಟೆ, ಮಂಡಿಪೇಟೆಯ ಅಂಗಡಿಯವರಿಗೆ ಗಲ್ಲಾಪೆಟ್ಟಿಗೆಯ ಕೆಳಗಿನ ಕಟ್ಟೆಗೆ ಗ್ರಾನೈಟ್ ಬೇಕು. ಕುಕ್ಕುವಾಡದ ಕಡೆಯ ರೈತನಿಗೂ ಕಬ್ಬಿನ ದುಡ್ಡು ಕೈಗೆ ಬಂದ ವರ್ಷ ಮನೆಯ ಮೆಟ್ಟಿಲಿಗೆ ಕರಿಕಲ್ಲು ಹಾಕಿಸುವ ಆಸೆ. ಆಸೆಯೇನೂ ತಪ್ಪಲ್ಲ. ಕಲ್ಲು ಮಿರಿಮಿರಿ ಮಿಂಚಿದರೆ ಮನೆಗೂ ಅಂಗಡಿಗೂ ಒಂದು ಕಳೆ. ಆದರೆ ಆ ಮಿಂಚು ಬಂದದ್ದು ನೀರಿನಲ್ಲೋ ಧೂಳಿನಲ್ಲೋ ಅಂತ ಕೇಳಿದವರೆಷ್ಟು ಜನ?

ಕೇಳಲೇಬೇಕು. ಯಾಕೆಂದರೆ ಕಲ್ಲಿಗೆ ಹೊಳಪು ಕೊಡುವುದಕ್ಕೆ ಎರಡು ದಾರಿ ಇವೆ. ಒಂದು ನಿಧಾನದ್ದು, ಇನ್ನೊಂದು ಅವಸರದ್ದು.

ನಿಧಾನದ ದಾರಿ ಹರಿಹರದವರಿಗೆ ಹೊಸದಲ್ಲ. ತುಂಗಭದ್ರೆಯ ಹೊಳೆದಂಡೆಯಲ್ಲಿ ಸಿಗುವ ನುಣುಪು ಕಲ್ಲನ್ನು ಅಂಗಾಲು ಉಜ್ಜುವುದಕ್ಕೆ ತಾರದವರು ಯಾರು? ಅದನ್ನು ಯಾವ ಕಲ್ಲುಕುಟಿಗನೂ ಉಜ್ಜಲಿಲ್ಲ. ನೀರು, ಮರಳು, ಪಕ್ಕದ ಕಲ್ಲು ಸೇರಿ ವರ್ಷಾನುಗಟ್ಟಲೆ ತೀಡಿದವು. ಹೊಳೆ ಮಾಡುವ ಇದೇ ಕೆಲಸವನ್ನು ಒಂದೆರಡು ವಾರದಲ್ಲಿ ಮಾಡಿ ಮುಗಿಸುವ ಯಂತ್ರವೊಂದಿದೆ. ಅದಕ್ಕೆ ವೈಬ್ರೇಟರಿ ಟಂಬ್ಲರ್ ಎನ್ನುತ್ತಾರೆ. ನಡುಗುವ ತಪ್ಪಲೆ ಅಂದರೂ ಆದೀತು.

ಯಂತ್ರದ ಗುಟ್ಟು ಬಹಳ ಸರಳ. ಸ್ಪ್ರಿಂಗುಗಳ ಮೇಲೆ ಒಂದು ದೊಡ್ಡ ಬೋಗುಣಿ. ಅದರ ತಳದಲ್ಲಿ ಮೋಟಾರು. ಮೋಟಾರಿನ ಶಾಫ್ಟಿಗೆ ಒಂದೇ ಕಡೆ ಭಾರ ಕಟ್ಟಿರುತ್ತಾರೆ. ಹೀಗೆ ಓರೆಭಾರ ಹೊತ್ತು ಮೋಟಾರು ತಿರುಗಿದರೆ ಬೋಗುಣಿ ಗಡಗಡ ನಡುಗುತ್ತದೆ, ಒಳಗಿನ ಕಲ್ಲುಗಳು ಸುತ್ತುತ್ತಾ ಒಂದನ್ನೊಂದು ಉಜ್ಜುತ್ತವೆ. ಹಳೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ದಾವಣಗೆರೆಯಿಂದ ಹರಿಹರಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ಕಲ್ಲಿಗೆ ಹೊಳಪು ಬರುತ್ತದೆ, ಪ್ರಯಾಣಿಕನಿಗೆ ಸೊಂಟನೋವು ಬರುತ್ತದೆ! ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರಿಗೂ ನಡುಗುವ ಯಂತ್ರದ ಪರಿಚಯವುಂಟು. ಅಲ್ಲಿ ಹಸಿ ಸಕ್ಕರೆಯನ್ನು ಕುಣಿಸುತ್ತಾ ಮುಂದೆ ಸಾಗಿಸುವ ಹಾಪರು, ಕಾಳು ಬೇರ್ಪಡಿಸುವ ಜರಡಿ ಇವೆಲ್ಲ ಇದೇ ಬಳಗದವು.

ಬೋಗುಣಿಗೆ ಕಲ್ಲಿನ ಜೊತೆ ಸ್ವಲ್ಪ ನೀರು, ಕಾರ್ಬೊರಂಡಂ ಪುಡಿ ಹಾಕುತ್ತಾರೆ. ಮೊದಲು ದಪ್ಪ ಪುಡಿ, ಆಮೇಲೆ ಸಣ್ಣದು, ಅದಾದ ಮೇಲೆ ಇನ್ನೂ ಸಣ್ಣದು, ಕೊನೆಗೆ ಹೊಳಪಿನ ಪುಡಿ. ಪುಡಿ ಬದಲಿಸುವಾಗಲೆಲ್ಲ ಕಲ್ಲನ್ನೂ ಬೋಗುಣಿಯನ್ನೂ ಚೊಕ್ಕಟವಾಗಿ ತೊಳೆಯಲೇಬೇಕು. ಹಿಂದಿನ ದಪ್ಪ ಪುಡಿಯ ನಾಲ್ಕು ಕಾಳು ಉಳಿದರೂ ಹೊಳಪಿನ ಮೇಲೆ ಗೀರು ಬಿದ್ದು ವಾರದ ದುಡಿಮೆ ನೀರುಪಾಲು. ಮೆದು ಕಲ್ಲು, ಗಟ್ಟಿ ಕಲ್ಲು ಒಟ್ಟಿಗೆ ಹಾಕಬಾರದು, ಗಟ್ಟಿಯದು ಮೆದುವನ್ನು ತಿಂದುಹಾಕುತ್ತದೆ. ಗುಂಡುಗಳನ್ನೇ ತುಂಬಿದರೆ ಒಂದಕ್ಕೊಂದು ಬಡಿದು ಮೈಮೇಲೆ ಅರ್ಧಚಂದ್ರದ ಕಚ್ಚು ಬೀಳುತ್ತದೆ. ಅದಕ್ಕೇ ಗುಂಡುಗಳ ಸಂದಿಗೆ ಸಣ್ಣ ಪಿಂಗಾಣಿ ತುಂಡುಗಳನ್ನು ಸುರಿದು ಬೋಗುಣಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿಸುತ್ತಾರೆ. ಉರುಳುವ ಪೀಪಾಯಿಯ ಯಂತ್ರವೂ ಒಂದಿದೆ. ಅದು ತಿಂಗಳುಗಟ್ಟಲೆ ತಿರುಗುತ್ತದೆ, ಕಲ್ಲಿನ ಮೂಲೆಗಳನ್ನೂ ಸವೆಸುತ್ತದೆ. ನಡುಗುವ ಯಂತ್ರ ಹಾಗಲ್ಲ, ಆಕಾರ ಕೆಡಿಸದೆ ಮೈಯನ್ನಷ್ಟೇ ತೀಡುತ್ತದೆ. ಮೊದಲೇ ದುಂಡಗೆ ಕಡೆದಿಟ್ಟ ಗುಂಡಿಗೆ ಇದೇ ಸರಿ.

ಇಷ್ಟು ದಿನದ ಕೆಲಸದಲ್ಲಿ ಧೂಳು ಏಳುವುದಿಲ್ಲ. ಎಲ್ಲವೂ ಕೆಸರು. ಹೇಳಬೇಕಾದ ಮಾತು ಇರುವುದೇ ಇಲ್ಲಿ.

ಇನ್ನು ಅವಸರದ ದಾರಿ. ಅದನ್ನು ನೋಡಲು ಯಾವ ಕಾರ್ಖಾನೆಗೂ ಹೋಗಬೇಕಿಲ್ಲ. ಅಂಗಡಿಯ ರಿಪೇರಿ ನಡೆಯುವ ಕಡೆ ಫುಟ್‌ಪಾತಿನ ಮೇಲೆಯೇ ಕಾಣುತ್ತದೆ. ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕೂತು ಗ್ರಾನೈಟ್ ಹಲಗೆಗೆ ಕೈಯಂತ್ರ ಹಿಡಿದಿರುತ್ತಾನೆ. ಚಕ್ರ ಕಿರ್ರೆಂದರೆ ಬಿಳಿ ಮೋಡ ಏಳುತ್ತದೆ. ಬಸ್ಸಿಗೆ ಕಾಯುವವರು ಮೂಗಿಗೆ ಕರವಸ್ತ್ರ ಹಿಡಿದು ದೂರ ಸರಿಯುತ್ತಾರೆ, ಪಕ್ಕದ ಅಂಗಡಿಯವರು ಸರಕಿನ ಮೇಲೆ ಧೂಳು ಕೂತಿತೆಂದು ಬೈಯುತ್ತಾರೆ. ಹುಡುಗ ಮಾತ್ರ ಕದಲುವ ಹಾಗಿಲ್ಲ. ಮುಖಕ್ಕೆ ಸುತ್ತಿದ ಟವೆಲ್ಲೇ ಅವನ ರಕ್ಷಾಕವಚ. ಕೇಳಿದರೆ ‘ಏನಾಗಲ್ಲ ಬಿಡ್ರಿ ಅಣ್ಣ, ರೂಢಿ ಆಗೈತಿ’ ಅನ್ನುತ್ತಾನೆ.

ರೂಢಿಯಾಗುವ ಧೂಳಲ್ಲ ಅದು. ಗ್ರಾನೈಟಿನಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇರುವುದು ಬೆಣಚು, ಅಂದರೆ ಸಿಲಿಕಾ. ಕಣ್ಣಿಗೆ ಕಾಣುವ ದಪ್ಪ ಧೂಳನ್ನು ಮೂಗು ತಡೆದೀತು. ಕಾಣದಷ್ಟು ನವುರಾದದ್ದು ಟವೆಲ್ಲನ್ನೂ ದಾಟಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಅದು ಕೂತಲ್ಲೆಲ್ಲ ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕೆಲಸ ಬಿಟ್ಟ ಮೇಲೂ ಬೆಳೆಯುವ ಕಾಯಿಲೆ ಇದು, ವಾಸಿ ಮಾಡುವ ಔಷಧಿ ಇಲ್ಲ. ಕ್ಷಯವೂ ಇದರ ಬೆನ್ನಿಗೇ ಬರುತ್ತದೆ. ಎಷ್ಟೋ ಕಡೆ ಬರೀ ಕ್ಷಯವೆಂದೇ ತಿಳಿದು ಮಾತ್ರೆ ಕೊಟ್ಟು ಕಳಿಸುತ್ತಾರೆ, ಕಲ್ಲಿನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ.

ದೂರದ ಎರಡು ಊರುಗಳ ಕಥೆ ಇಲ್ಲಿ ಹೇಳಬೇಕು. ಗುಜರಾತಿನ ಖಂಭಾತದಲ್ಲಿ ಅಕೀಕಿನ ಮಣಿ, ಗುಂಡು ಕಡೆದು ಹೊಳಪು ಕೊಡುವ ಕಸುಬು ಶತಮಾನಗಳಷ್ಟು ಹಳೆಯದು. ಮಧ್ಯಪ್ರದೇಶದ ಮಂದಸೌರ್‌ನಲ್ಲಿ ಮಕ್ಕಳ ಬಳಪ ಕೊಯ್ಯುವ ಕಸುಬು. ಎರಡೂ ಕಡೆ ಕೈಯಲ್ಲಿ ಕಸುಬಿತ್ತು, ಮಾಲಿಗೆ ಬೇಡಿಕೆಯೂ ಇತ್ತು, ದುಡಿದವರ ಎದೆಯಲ್ಲಿ ಮಾತ್ರ ಸಿಲಿಕಾ ತುಂಬಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಖಂಭಾತದ ಈ ಕಾಯಿಲೆಯನ್ನು ಅಭ್ಯಾಸ ಮಾಡಿದ್ದಾರೆ. ನಮ್ಮಲ್ಲೂ ಹಾಗಾಗುವವರೆಗೆ ಕಾಯಬೇಕೆ?

ಕಾನೂನು ಇರಲಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯಿದೆಯೇ ಸಿಲಿಕೋಸಿಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಆ ಕಾಯಿದೆಯ ಕಣ್ಣಿಗೆ ಕರೆಂಟಿನ ಯಂತ್ರವಿಟ್ಟು ಹತ್ತು ಜನ ದುಡಿಯುವ ಜಾಗ ಮಾತ್ರ ಕಾರ್ಖಾನೆಯಾಗಿತ್ತು. ಫುಟ್‌ಪಾತಿನಲ್ಲಿ ಇಬ್ಬರು ಹುಡುಗರು ಕೂತರೆ ಅದು ಎಲ್ಲಿಯ ಕಾರ್ಖಾನೆ, ಯಾರು ಮಾಲೀಕ? ಮನೆಯವನು ಮೇಸ್ತ್ರಿಯ ಕಡೆ ಬೆರಳು ತೋರಿಸುತ್ತಾನೆ, ಮೇಸ್ತ್ರಿ ಕಲ್ಲಂಗಡಿಯ ಕಡೆ.

ನಡುಗುವ ತಪ್ಪಲೆಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವುದು ಸುಳ್ಳಾದೀತು. ಅದರಲ್ಲಿ ನಿಂಬೆಹಣ್ಣಿನಷ್ಟರ ಗುಂಡು, ಮಣಿ, ಮೇಜಿನ ಮೇಲೆ ಕಾಗದಕ್ಕೆ ಇಡುವ ಕಲ್ಲು ಇಂಥವನ್ನು ತೀಡಬಹುದು. ಗೇಟಿನ ಮೇಲಿನ ದೊಡ್ಡ ಗುಂಡಾಗಲಿ, ಅಂಗಡಿ ಕಟ್ಟೆಯ ಹಲಗೆಯಾಗಲಿ ಅದರೊಳಗೆ ಹೋಗುವುದಿಲ್ಲ. ಸದ್ದೂ ವಿಪರೀತ, ಹಗಲೂ ರಾತ್ರಿ ಓಡಿಸಿದರೆ ನೆರೆಯವರು ಜಗಳಕ್ಕೆ ಬಂದಾರು. ಆದರೆ ಹಲಗೆಗೂ ದೊಡ್ಡ ಗುಂಡಿಗೂ ಅದೇ ಸೂತ್ರ ನಡೆಯುತ್ತದೆ: ಚಕ್ರ ಕಲ್ಲಿಗೆ ತಾಗುವ ಜಾಗದಲ್ಲಿ ನೀರು ಬೀಳುತ್ತಿರಬೇಕು. ನೀರಿನ ಕೊಳವೆ ಇರುವ ಕಟಿಂಗ್ ಯಂತ್ರ ಪೇಟೆಯಲ್ಲಿ ಸಿಗುತ್ತದೆ. ಕಲ್ಲಂಗಡಿಯಲ್ಲೇ ಅಳತೆಗೆ ಕೊಯ್ಸಿ ತಂದರೆ ಫುಟ್‌ಪಾತಿನ ಕೆಲಸ ಮುಕ್ಕಾಲು ಪಾಲು ಉಳಿಯಿತು. ಸಾಧಾರಣ ಕೈಯಂತ್ರಕ್ಕೆ ಹಾಗೇ ನೀರು ಸುರಿಯಬಾರದು, ಕರೆಂಟು ಹೊಡೆದೀತು. ನೀರಿಗೆಂದೇ ಮಾಡಿದ ಯಂತ್ರ ಬೇಕು.

ಇಂಥ ಯಂತ್ರ ಮಾಡುವ ಕೈ ಈ ಜಿಲ್ಲೆಯಲ್ಲಿ ಇಲ್ಲವೇ? 1224ರಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕಂಬಗಳನ್ನು ನೋಡಿ. ತಿರುಗಣೆಗೆ ಕೊಟ್ಟು ಕಡೆದ ಕಲ್ಲು ಅದು, ಬಳೆಯಂಥ ಸುತ್ತುಗಳು ಇವತ್ತಿಗೂ ನುಣುಪಾಗಿವೆ. ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುವುದಕ್ಕೆ ಶುರು ಮಾಡಿತು. ಆ ಕಾರ್ಖಾನೆಯ ಬಾಗಿಲು ಮುಚ್ಚಿ ಎರಡು ದಶಕ ದಾಟಿತು. ಆದರೂ ಸ್ಪ್ರಿಂಗು, ಮೋಟಾರು, ಓರೆಭಾರ, ರಬ್ಬರು ಮೆತ್ತಿದ ಬೋಗುಣಿ ಜೋಡಿಸುವುದು ಹರಿಹರದ ವರ್ಕ್‌ಶಾಪಿನವರಿಗೆ ಬ್ರಹ್ಮವಿದ್ಯೆಯೇನಲ್ಲ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು ವರ್ಷವರ್ಷ ಪ್ರಾಜೆಕ್ಟು ಮಾಡಿ ಬೀರುವಿನಲ್ಲಿಡುವ ಬದಲು ಕಡಿಮೆ ಖರ್ಚಿನ ನೀರುಕಟಿಂಗ್ ಮೇಜೊಂದನ್ನು ಮಾಡಿ ಮೇಸ್ತ್ರಿಗಳ ಕೈಗೆ ಕೊಡಲಿ.

ಮಹಾನಗರಪಾಲಿಕೆಯೂ ಲೋಕೋಪಯೋಗಿ ಇಲಾಖೆಯೂ ಮೊದಲು ತಮ್ಮ ಕಟ್ಟಡಗಳಿಂದಲೇ ಶುರು ಮಾಡಲಿ. ಟೆಂಡರಿನಲ್ಲಿ ‘ಕಲ್ಲನ್ನು ಒಣದಾಗಿ ಕೊಯ್ಯುವಂತಿಲ್ಲ’ ಎಂದು ಒಂದು ಸಾಲು ಸೇರಿಸುವುದಕ್ಕೆ ಯಾವ ಅನುದಾನವೂ ಬೇಕಿಲ್ಲ. ಅಂಗಡಿ ಮಾಲೀಕರೂ ಮೇಸ್ತ್ರಿಗೆ ಮುಂಗಡ ಕೊಡುವಾಗಲೇ ನೀರಿನ ಮಾತು ಎತ್ತಲಿ. ಕೂಲಿಯಲ್ಲಿ ನೂರಿನ್ನೂರು ಹೆಚ್ಚು ಕೇಳಿಯಾನು, ಕೇಳಲಿ. ಕೆಲಸ ಮುಗಿದ ಮೇಲೆ ಉಳಿಯುವ ಕೆಸರನ್ನು ಚರಂಡಿಗೆ ಬಳಿಯಬಾರದು, ಅದು ಸಿಮೆಂಟಿನಂತೆ ಗಟ್ಟಿಯಾಗಿ ಚರಂಡಿ ಕಟ್ಟುತ್ತದೆ. ರಸ್ತೆಯಲ್ಲಿ ಬಿಟ್ಟರೂ ಕಷ್ಟವೇ. ಒಣಗಿದ ಮರುದಿನ ಬಸ್ಸು ಹಾದಾಗ ಮತ್ತೆ ಅದೇ ಧೂಳಾಗಿ ಏಳುತ್ತದೆ. ಹಸಿಯಿರುವಾಗಲೇ ಚೀಲಕ್ಕೆ ತುಂಬಿಸಿ ಸಾಗಿಸುವುದು ಮೇಸ್ತ್ರಿಯ ಲೆಕ್ಕದಲ್ಲೇ ಬರೆದಿರಲಿ.