ನನ್ನ ಫಲಕ, ಗೆಳೆಯನ ಪ್ರಶ್ನೆ

ಗಾಜಾ ಯುದ್ಧ ನಿಲ್ಲಲಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಡೆದ ಪ್ರತಿಭಟನೆಗೆ ಅಣ್ಣನ ಜೊತೆ ನಾನೂ ಹೋಗಿದ್ದೆ. ಕೈಯಲ್ಲಿ ಫಲಕ ಹಿಡಿದು ಎರಡು ಗಂಟೆ ನಿಂತೆ. ಮರುದಿನ ತರಗತಿಯಲ್ಲಿ ಗೆಳೆಯನೊಬ್ಬ ಕೇಳಿದ: "ಯುದ್ಧವೇ ಬೇಡ ಅಂದಿದ್ದರೆ 1971ರಲ್ಲಿ ಬಾಂಗ್ಲಾದೇಶ ಸ್ವತಂತ್ರವಾಗುತ್ತಿತ್ತಾ? 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತಾಗ ನೀನು ಯಾಕೆ ಮಾತಾಡಲಿಲ್ಲ?"

ಮೊದಲು ಸಿಟ್ಟು ಬಂತು. ಮನೆಗೆ ಬಂದು ಯೋಚಿಸಿದೆ. ಅವನ ಮೊದಲ ಮಾತಿನಲ್ಲಿ ಸತ್ಯವಿದೆ. ಅನ್ಯಾಯ ತಡೆಯಲು ಆಯುಧ ಹಿಡಿಯಲೇಬೇಕಾದ ಸಂದರ್ಭ ಬರಬಹುದು. ಇಸ್ಲಾಮ್ ಕೂಡ ಅದನ್ನು ಒಪ್ಪುತ್ತದೆ, ಆದರೆ ಮಿತಿ ಹಾಕುತ್ತದೆ. ಪ್ರಥಮ ಖಲೀಫ ಹಝ್ರತ್ ಅಬೂಬಕರ್ (ರ) ಸಿರಿಯಾದತ್ತ ಸೈನ್ಯ ಕಳಿಸುವಾಗ ಹೆಂಗಸರು, ಮಕ್ಕಳು, ವೃದ್ಧರನ್ನು ಕೊಲ್ಲಬಾರದು, ಹಣ್ಣಿನ ಮರವನ್ನೂ ಕಡಿಯಬಾರದು ಎಂದು ತಾಕೀತು ಮಾಡಿದ್ದರು. 1949ರ ಜಿನೀವಾ ಒಪ್ಪಂದವೂ ಯುದ್ಧದಲ್ಲಿ ನಾಗರಿಕರಿಗೆ ರಕ್ಷಣೆ ಬೇಕೆನ್ನುತ್ತದೆ.

ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದೇ ಮಿತಿ ಅಕ್ಟೋಬರ್ 7ಕ್ಕೂ ಅನ್ವಯಿಸುತ್ತದೆ. ಅಂದು ನಾನು ಸುಮ್ಮನಿದ್ದದ್ದು ತಪ್ಪು. ಆದರೆ ನನ್ನ ತಪ್ಪಿನಿಂದ ಗಾಜಾದ ಸಾವಿರಾರು ಮಕ್ಕಳ ಸಾವು ಸರಿಯಾಗುವುದಿಲ್ಲ.

ಇದನ್ನು ಗೆಳೆಯನಿಗೆ ಹೇಳಿದೆ. "ಜನರ ನಡುವೆ ಅಡಗಿದವರ ಜೊತೆ ಹೇಗೆ ಹೋರಾಡೋದು?" ಎಂದು ಅವನು ಮತ್ತೆ ಕೇಳಿದ. ಅಡಗಿದವರು ತಪ್ಪು ಮಾಡಿದರೂ ಮಕ್ಕಳು ಮಾಡಿಲ್ಲವಲ್ಲ ಎಂದೆ. ಅವನು ಪೂರ್ತಿ ಒಪ್ಪಲಿಲ್ಲ. ಚರ್ಚೆ ಇನ್ನೂ ನಡೆದಿದೆ. ಮುಂದಿನ ಸಲವೂ ನಾನು ಫಲಕ ಹಿಡಿಯುತ್ತೇನೆ, ಸತ್ತವರು ಯಾವ ಕಡೆಯವರು ಎಂದು ಕೇಳದೆ.