ಮನಸ್ಸನ್ನು ಅಳೆಯುವ ಮುನ್ನ

ನಮ್ಮ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಇಂದು ಕಾಲೇಜುಗಳಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿರುವ ಶಿಷ್ಯರಲ್ಲಿ ಕೆಲವರು ದರ್ಶನಕ್ಕೆ ಬಂದಾಗ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಮನಸ್ಸಿನ ವಿಚಾರವನ್ನು ಇನ್ನು ಪ್ರಯೋಗಶಾಲೆ ನೋಡಿಕೊಳ್ಳುತ್ತದೆ, ತತ್ತ್ವಶಾಸ್ತ್ರಕ್ಕೆ ಅಲ್ಲಿ ಕೆಲಸವಿಲ್ಲ. ಸದ್ಭಕ್ತರೇ, ಇದು ತಮ್ಮ ಶಾಸ್ತ್ರದ ಚರಿತ್ರೆಯನ್ನೇ ಮರೆತವರ ಮಾತು.

1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಮನುಷ್ಯನ ನುಡಿಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಕಂಡುಕೊಂಡ ಪ್ರಚೋದನೆ, ಪ್ರತಿಕ್ರಿಯೆ, ಪುನರ್ಬಲನಗಳಿಂದಲೇ ಮಾತನ್ನೂ ವಿವರಿಸಬಹುದೆಂಬುದು ಅವರ ಪ್ರತಿಜ್ಞೆ. 1959ರಲ್ಲಿ ಅದನ್ನು ವಿಮರ್ಶಿಸಿದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಹೊಸ ಪ್ರಯೋಗವನ್ನೇನೂ ಮುಂದಿಡಲಿಲ್ಲ. ಆ ಪದಗಳನ್ನೇ ಹಿಡಿದು ಪ್ರಶ್ನಿಸಿದರು. ಕಾಳಿನ ಆಸೆಗೆ ಗುಂಡಿಯನ್ನು ಕುಟುಕುವ ಪಾರಿವಾಳದಲ್ಲಿ ಪ್ರಚೋದನೆ ಯಾವುದೆಂದು ಬೆರಳಿಟ್ಟು ತೋರಿಸಬಹುದು. ಚಿತ್ರಪಟದ ಮುಂದೆ ನಿಂತ ಮನುಷ್ಯನಾದರೋ ಅದರ ಅಂದವನ್ನು ಹೊಗಳಬಹುದು, ಬೆಲೆ ಕೇಳಬಹುದು, ತೀರಿಹೋದ ತಂದೆಯನ್ನು ನೆನೆದು ಮಾತೇ ಆಡದಿರಬಹುದು. ಅವನು ನುಡಿದಾದ ಮೇಲೆ 'ಇಂಥ ಪ್ರಚೋದನೆ ಇದ್ದಿತು' ಎನ್ನುವುದು ವಿಜ್ಞಾನವೆ? ಅದು ವಿಜ್ಞಾನದ ವೇಷ ತೊಟ್ಟ ಲೋಕರೂಢಿಯ ಮಾತು. ವರ್ತನವಾದದ ಹಿಡಿತ ಸಡಿಲಿ, ಬುದ್ಧಿವ್ಯಾಪಾರಗಳ ಅಧ್ಯಯನಕ್ಕೆ ಬಾಗಿಲು ಮತ್ತೆ ತೆರೆದುದರಲ್ಲಿ ಈ ಪದಪರೀಕ್ಷೆಯ ಪಾಲು ದೊಡ್ಡದು.

ಅದಕ್ಕೂ ಮೊದಲು, 1953ರಲ್ಲಿ, ಲೇಖಕರ ಮರಣಾನಂತರ ಬೆಳಕು ಕಂಡ ವಿಟ್‌ಗೆನ್‌ಸ್ಟೈನರ ಗ್ರಂಥ ಇದೇ ರೋಗವನ್ನು ಗುರುತಿಸಿತ್ತು. ಮನಶ್ಶಾಸ್ತ್ರದ ಬಳಿ ಪ್ರಯೋಗದ ವಿಧಾನಗಳೇನೋ ಇವೆ, ಗೊಂದಲವಿರುವುದು ಪರಿಕಲ್ಪನೆಗಳಲ್ಲಿ ಎಂಬುದು ಅವರ ಆಕ್ಷೇಪದ ಸಾರ. ನೋವು, ನೆನಪು, ಕೋಪ ಎಂಬ ಪದಗಳು ಒಳಗಿನ ವಸ್ತುಗಳಿಗೆ ಅಂಟಿಸಿದ ಚೀಟಿಗಳಲ್ಲ. ಜನರ ನಡುವಣ ಬಳಕೆಯಲ್ಲಿಯೇ ಅವುಗಳಿಗೆ ಅರ್ಥ.

ಇಷ್ಟು ಕೇಳಿ ನಮ್ಮ ಪಂಡಿತರು ಹಿಗ್ಗಬೇಕಾಗಿಲ್ಲ. ಜ್ಞಾನವು ಶಬ್ದದೊಡನೆ ಬೆರೆತೇ ಇರುವುದೆಂದು ಭರ್ತೃಹರಿ ವಾಕ್ಯಪದೀಯದಲ್ಲಿ ಪ್ರತಿಪಾದಿಸಿದ್ದು ನಿಜ. ಆದರೆ 'ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು' ಎಂದು ಹೊದ್ದು ಮಲಗುವುದು ಭರ್ತೃಹರಿಗೆ ಸಲ್ಲಿಸುವ ಗೌರವವಲ್ಲ. ಗ್ರಂಥವನ್ನು ಬಿಚ್ಚಿ ನೋಡದವರೇ ಈ ಮಾತನ್ನು ಹೆಚ್ಚಾಗಿ ಆಡುತ್ತಾರೆ.

ಮನಶ್ಶಾಸ್ತ್ರದ ಶಿಷ್ಯರನ್ನು ನಾವು ಕೇಳುವುದಿಷ್ಟೆ. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಿರುಗಿಸಿ, ಹಳ್ಳಿಯವರ ಮುಂದಿಟ್ಟು ಅಂಕ ಕೂಡಿಸುತ್ತೀರಲ್ಲ. ಮಗನನ್ನು ಕಳೆದುಕೊಂಡ ತಾಯಿ 'ಹೊಟ್ಟ್ಯಾಗ ಸಂಕಟ ಆಗತೈತ್ರಿ' ಎಂದರೆ ಅದನ್ನು ದೇಹದ ಅಂಕಣದಲ್ಲಿ ಬರೆಯುವಿರೋ, ಮನಸ್ಸಿನ ಅಂಕಣದಲ್ಲಿಯೋ? ಆಕೆಯ ನುಡಿ ಆ ಎರಡನ್ನು ಬೇರ್ಪಡಿಸಿಲ್ಲ. ಬೇರ್ಪಡಿಸಿದವರು ನೀವು, ಅದೂ ಅಳೆಯಲು ಕುಳಿತುಕೊಳ್ಳುವ ಮೊದಲೇ.